ಗುಮಾಸ್ತ ಇನಾಸಣ್ಣನ ಎಡಪುಟ

ಕ್ವೇಕರ್ಸ್ ಹಿಲ್‌ನಲ್ಲಿ ಬೆಳಗಿನ ರೈಲು ಹತ್ತುವವರೆಲ್ಲ ದುಡಿಯಲು ಹೋಗುವ ಜನ. ಅವರ ನಡುವೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ರಟ್ಟಿನ ಹೊದಿಕೆಯ ಉದ್ದ ನೋಟ್‌ಬುಕ್ಕು ಅವುಚಿಕೊಂಡು ವಾರಕ್ಕೆ ಮೂರು ದಿನ ರೈಲು ಹತ್ತುತ್ತಿದ್ದ ಇಗ್ನೇಶಿಯಸ್ ಕ್ರಾಸ್ತಾನಿಗೆ ಮಾತ್ರ ಯಾವ ದುಡಿಮೆಯೂ ಇರಲಿಲ್ಲ. ಅವನು ಹೋಗುತ್ತಿದ್ದದ್ದು ಸಿಡ್ನಿಯ ಕ್ರಿಮಿನಲ್ ಕೋರ್ಟಿಗೆ. ಅಲ್ಲಿ ಅವನ ಮೇಲೆ ಕೇಸಿಲ್ಲ, ಅವನು ಹೂಡಿದ ಕೇಸೂ ಇಲ್ಲ. ಜನರಿಗೆಂದು ಹಾಕಿದ ಹಿಂದಿನ ಬೆಂಚಿನಲ್ಲಿ ಕೂತು ವಕೀಲರ ವಾದ ಕೇಳುವುದು, ಬರೆದುಕೊಳ್ಳುವುದು, ಏಳುವಾಗ ಜಡ್ಜಿಗೆ ತಲೆಬಾಗಿಸಿ ಹೊರಗೆ ಬರುವುದು. ವಯಸ್ಸು ಅರವತ್ತೆಂಟು. ಅವನ ಓರಗೆಯ ಮುದುಕರು ಪಾರ್ಕಿನಲ್ಲಿ ನಡೆದು ಸಕ್ಕರೆ ಇಳಿಸಿಕೊಳ್ಳುತ್ತಿದ್ದರೆ ಇವನು ಕೋರ್ಟಿನ ಮೆಟ್ಟಿಲು ಹತ್ತಿ ಇಳಿಸಿಕೊಳ್ಳುತ್ತಿದ್ದ.

ಮಗಳು ಗ್ಲೆನಿಟಾ ನಾರ್ವೆಸ್ಟ್‌ನ ಆಫೀಸಿಗೆ ಹೊರಡುವಾಗ ಕೆಣಕುತ್ತಿದ್ದಳು: "ಇವತ್ತು ಯಾರ ಕೇಸ್ ಪಪ್ಪಾ? ಕಳ್ಳನದ್ದಾ, ಕೊಲೆಗಾರನದ್ದಾ?"

"ಕೇಸು ಯಾರದ್ದಾದರೆ ಎಂತ? ಪಾಟೀಸವಾಲು ಹೇಗೆ ಹಾಕ್ತಾರೆ, ಅದು ನೋಡುವುದು. ಇಲ್ಲಿಯವರಿಗೆ ಸ್ವರವೇ ಇಲ್ಲ ಮಾರಾಯ್ತಿ. ಸಾಕ್ಷಿಯನ್ನು ಹಿಡಿದು ಕೇಳುವುದಾ, ಡಾಕ್ಟರು ಹೊಟ್ಟೆನೋವು ವಿಚಾರಿಸುವುದಾ, ಒಂದೂ ಗೊತ್ತಾಗುವುದಿಲ್ಲ."

ಹಾಗೆ ಹೇಳಲು ಅವನಿಗೆ ಹಕ್ಕಿತ್ತು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು, ಹದಿನೇಳನೆಯ ವಯಸ್ಸಿಗೆ ಮಂಗಳೂರಿನಲ್ಲಿ ಕ್ರಿಮಿನಲ್ ವಕೀಲ ಶ್ರೀಕಂಠಯ್ಯನವರ ಕಚೇರಿಗೆ ಫೈಲು ಹೊರಲು ಸೇರಿದವನು, ಮೂವತ್ತೆಂಟು ವರ್ಷ ಅವರ ಬೆನ್ನ ಹಿಂದೆ ನಿಂತು ಗುಮಾಸ್ತನಾಗಿ ಹಣ್ಣಾದವನು. ಇಂಗ್ಲಿಷನ್ನು ಕಲಿತದ್ದು ತೀರ್ಪಿನ ಪುಸ್ತಕಗಳನ್ನು ಒರೆಸಿ ಒರೆಸಿ ಓದಿ. ಹೆಸರು ಇಗ್ನೇಶಿಯಸ್ ಆದರೂ ಕೋರ್ಟುಗುಡ್ಡೆಯಲ್ಲಿ ಜವಾನರಿಂದ ಹಿಡಿದು ಎದುರುಪಕ್ಷದ ವಕೀಲರವರೆಗೆ ಎಲ್ಲರಿಗೂ ಅವನು ಇನಾಸಣ್ಣ.

ಶ್ರೀಕಂಠಯ್ಯ ಮೈಸೂರು ಕಡೆಯಿಂದ ಬಂದು ಕರಾವಳಿಯಲ್ಲಿ ಬೇರೂರಿದ ಆಸಾಮಿ. ಆರಡಿ ಆಳು. ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರೆ ಕೆಳಗೆ ಬಂದರಿನಲ್ಲಿ ದೋಣಿ ಕಟ್ಟುವವನಿಗೂ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ಆದರೆ ಇನಾಸಣ್ಣನಿಗೆ ಗೊತ್ತಿತ್ತು, ಅವರ ಬಲ ದನಿಯಲ್ಲಿ ಇರಲಿಲ್ಲ, ಸುಮ್ಮನಿರುವುದರಲ್ಲಿ ಇತ್ತು. ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೂ ಕನ್ನಡಕ ತೆಗೆದು ಒಂದು ನಿಮಿಷ ಒರೆಸುತ್ತ ನಿಲ್ಲುವರು. ಆ ಮೌನ ತಡೆಯಲಾಗದೆ ಸಾಕ್ಷಿ ಕೇಳದ ಮಾತನ್ನೆಲ್ಲ ಕಾರಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅವರ ಎಡಗೈ ಬೆನ್ನ ಹಿಂದೆ ಬಂದು ಎರಡು ಬೆರಳು ಅಲ್ಲಾಡುವುದು. ಬೇಕಾದ ಕಾಗದ ಯಾವುದೆಂದು ಅವರು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಇನಾಸಣ್ಣ ಕೊಟ್ಟ ಕಾಗದ ತಪ್ಪಿದ್ದೂ ಇಲ್ಲ.

ಇನ್ನೊಂದು ಕೆಲಸವೂ ಅವನದೇ ಆಗಿತ್ತು, ಅದು ಕೋರ್ಟಿಗೆ ಕಾಣದ ಕೆಲಸ. ಸಾಕ್ಷಿಗಳು ಮೊದಲು ಬರುತ್ತಿದ್ದದ್ದು ಕಚೇರಿಯ ಹಿಂದಿನ ಜಗಲಿಗೆ, ಇನಾಸಣ್ಣನ ಮುಂದೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ಕೆಮ್ಮಿದರೆ ಕೆಮ್ಮನ್ನೂ. ಬಲಪುಟದಲ್ಲಿ ಅವನು ಕೋರ್ಟಿನಲ್ಲಿ ಹೇಳಬೇಕಾದದ್ದು. ಆಮೇಲೆ ಮೂರು ಸಂಜೆ ಬಲಪುಟದ ಪಾಠ. ಶ್ರೀಕಂಠಯ್ಯ ಎಡಪುಟ ಓದುತ್ತಿರಲಿಲ್ಲ. "ಅದು ನಿನಗಿರಲಿ ಇನಾಸ್, ನನಗೆ ಬಲಗಡೆಯದು ಕೊಡು" ಎನ್ನುವರು. ಊರಿನಲ್ಲಿ ಇದನ್ನು ತಪ್ಪು ಎಂದವರಿಲ್ಲ. ಎದುರುಪಕ್ಷದ ಜಗಲಿಯಲ್ಲೂ ಅದೇ ಪಾಠ ನಡೆಯುತ್ತಿತ್ತು. ಹೆಂಡತಿ ತೀರಿಕೊಂಡು ಮಗಳ ಮನೆ ಸೇರುವಾಗ ಇನಾಸಣ್ಣ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದದ್ದು ಎರಡು ಜೊತೆ ಬಟ್ಟೆ, ಒಂದು ಜಪಮಾಲೆ, ಆರು ಖಾಲಿ ನೋಟ್‌ಬುಕ್ಕು.

ಎರಡು ಸಾವಿರದ ಹದಿನಾಲ್ಕರ ಮಾರ್ಚಿನಲ್ಲಿ ಮೆಲ್ಬರ್ನ್‌ನಿಂದ ತಂಗಿ ಇನೇಜ್ ಫೋನು ಮಾಡಿದಳು. ಅವಳು ಇದ್ದದ್ದು ಡ್ಯಾಂಡಿನಾಂಗ್‌ನಲ್ಲಿ, ಗಂಡನಿಲ್ಲದ ಮನೆಯಲ್ಲಿ ಒಬ್ಬ ಮಗನೊಂದಿಗೆ. ಮಗ ಲಿಯೋನ್ ಇಪ್ಪತ್ನಾಲ್ಕರ ಹುಡುಗ, ಗೋದಾಮಿನಿಂದ ಅಂಗಡಿಗಳಿಗೆ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಬೆಳಿಗ್ಗೆ ಒಂಬತ್ತೂವರೆಗೆ, ಅಡ್ಡರಸ್ತೆ ಇಲ್ಲದ ಕಡೆ ನಡೆದು ದಾಟುವವರಿಗೆಂದೇ ದೀಪ ಹಾಕಿದ ಜಾಗದಲ್ಲಿ ಅವನ ವ್ಯಾನು ಒಬ್ಬನಿಗೆ ಬಡಿದಿತ್ತು. ಆ ಮನುಷ್ಯನ ಸೊಂಟ ಮುರಿದಿತ್ತು, ತಲೆಗೆ ಪೆಟ್ಟಾಗಿ ಆ ದಿನದ ನೆನಪೇ ಅಳಿಸಿಹೋಗಿತ್ತು. ಲಿಯೋನ್ ತನಗೆ ಹಸಿರು ಇತ್ತು ಎನ್ನುತ್ತಾನೆ. ಹಿಂದೆ ಬರುತ್ತಿದ್ದ ಕಾರಿನವನು, ಇಲ್ಲ, ಕೆಂಪು ಬಿದ್ದಿತ್ತು ಎನ್ನುತ್ತಾನೆ. ಪೊಲೀಸರು ಅಪಾಯಕರ ಚಾಲನೆಯ ಕೇಸು ಹಾಕಿದ್ದಾರೆ. ಸಾಬೀತಾದರೆ ಜೈಲು. ಅವನು ಇನ್ನೂ ಪೌರನಾಗಿಲ್ಲ, ಕಾಯಂ ಉಳಿಯಲು ಕೊಡುವ ಪಿಆರ್ ಮಾತ್ರ ಇದೆ. ಅದಕ್ಕೂ ಸಂಚಕಾರ ಬರಬಹುದು.

"ನೀನು ಬಾ ಇನಾಸ್," ಇನೇಜ್ ಕೊಂಕಣಿಯಲ್ಲಿ ಅಂಗಲಾಚಿದಳು, "ಇಷ್ಟು ವರ್ಷ ಕೋರ್ಟಿನಲ್ಲಿ ಊರವರನ್ನೆಲ್ಲ ಬಿಡಿಸಿದೆಯಲ್ಲ."

ಬಿಡಿಸಿದ್ದು ಶ್ರೀಕಂಠಯ್ಯ ಎಂದು ಅವನು ತಿದ್ದಲಿಲ್ಲ, ಮೆಲ್ಬರ್ನ್‌ಗೆ ಹೊರಟ.

ಲಿಯೋನ್‌ಗೆ ಮಿಸ್ ಡೋಲನ್ ಎಂಬ ವಕೀಲೆ ಸಿಕ್ಕಿದ್ದಳು. ಕುಳ್ಳು ಹೆಂಗಸು, ಮಾತು ಕಮ್ಮಿ. ಇನಾಸಣ್ಣನಿಗೆ ಅವಳು ಮೊದಲ ನೋಟಕ್ಕೇ ಸಪ್ಪೆಯಾಗಿ ಕಂಡಳು. ಕಣ್ಣಾರೆ ಕಂಡ ಇನ್ನೊಂದು ಸಾಕ್ಷಿ ಸಿಕ್ಕರೆ ಒಳ್ಳೆಯದು ಎಂದಷ್ಟೇ ಅವಳು ಹೇಳಿದ್ದು. ಇನೇಜ್ ಮಾರ್ಕೆಟ್ಟಿನಲ್ಲಿ, ಬಸ್‌ಸ್ಟಾಪಿನಲ್ಲಿ, ಇಂಡಿಯನ್ ಅಂಗಡಿಗಳಲ್ಲಿ ಕೇಳಿ ಕೇಳಿ ಕಾಲು ಸವೆಸಿದ ಮೇಲೆ ಅನಸೂಯಾ ಎಂಬವಳು ಮುಂದೆ ಬಂದಳು. ಅವಳ ತಾಯಿ ಚನ್ನಕ್ಕ ಮೊಮ್ಮಗಳನ್ನು ನೋಡಿಕೊಳ್ಳಲು ಹಿರೇಕೆರೂರಿನಿಂದ ಬಂದವಳು. ಅಪಘಾತದ ಹೊತ್ತಿಗೆ ಸೊಪ್ಪಿನ ಚೀಲ ಹಿಡಿದು ದಾಟುವ ಜಾಗದ ಪಕ್ಕದ ಬಸ್‌ಸ್ಟಾಪಿನಲ್ಲೇ ಕೂತಿದ್ದಳು. ಇಂಗ್ಲಿಷ್ ಬಾರದು, ಬಸ್ಸು ಬಂತು, ಹತ್ತಿ ಹೋದಳು. ಪೊಲೀಸರು ಅವಳನ್ನು ಕೇಳಿಯೇ ಇರಲಿಲ್ಲ.

ಇನಾಸಣ್ಣನ ಮೈಯಲ್ಲಿ ಹಳೆಯ ಗುಮಾಸ್ತ ಎದ್ದು ಕೂತ. ಅನಸೂಯಾಳ ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ಕು ತೆರೆದು, ಏಪ್ರಿಲ್ ಹನ್ನೆರಡು ಎಂದು ತಾರೀಕು ಹಾಕಿ, ಎಡಪುಟಕ್ಕೆ ಪೆನ್ನು ಹಚ್ಚಿದ.

"ಹೇಳಿ ಚನ್ನಕ್ಕ. ಅವತ್ತು ಎಂತ ಕಂಡಿರಿ?"

"ಏನ್ ಹೇಳ್ಲಿ ಯಣ್ಣಾ. ಮೆಂತೆ ಸೊಪ್ಪು ತಗೊಂಡು ಕುಂತಿದ್ನಿ. ಆ ಕಂಬ ಟಕ್... ಟಕ್... ಅಂತ ಸಾವಕಾಶ ಬಡೀತಿತ್ತು. ನಾ ಕುಂತಾಗಿಂದ ಒಮ್ಮಿನೂ ಲಗು ಬಡೀಲಿಲ್ಲ. ನಮ್ಮೂರಾಗ ಎಣ್ಣಿ ಗಾಣ ಹಿಂಗ ಬಡೀತಿತ್ರಿ, ನಮ್ಮಪ್ಪ..."

"ಗಾಣ ಬಿಡಿ. ವ್ಯಾನು?"

"ವ್ಯಾನು ಎರಡ ಸಲ ಹಾರ್ನ್ ಹೊಡೀತು. ಯಾರೋ ಒಬ್ಬ ನನ್ ಮುಂದ ಹಾದು ಇಳದ. ಧಡ್ ಅಂತು. ಎದಿ ಒಡದ್ಹೋತು ನೋಡ್ರಿ."

"ದೀಪ ಯಾವ ಬಣ್ಣ ಇತ್ತು?"

"ದೀಪ ನಾ ನೋಡಿಲ್ರಿ."

ಎಲ್ಲವನ್ನೂ ಅವನ ಕೈ ತಾನಾಗಿ ಎಡಪುಟದಲ್ಲಿ ಬರೆದುಕೊಂಡಿತು. ಆಮೇಲೆ ಓದಿ ನೋಡಿ, ಕಂಬ ಬಡಿಯುವ ಸಾಲು, ಎಣ್ಣೆ ಗಾಣದ ಸಾಲು ಎರಡನ್ನೂ ಅಡ್ಡಗೆರೆ ಎಳೆದು ಹೊಡೆದು ಹಾಕಿದ. ಬದಿಗೆ 'ಬೇಡದ ಮಾತು' ಎಂದು ಬರೆದ. ಇಷ್ಟು ವರ್ಷದ ರೂಢಿ. ಮುದುಕಿಯರು ಹತ್ತು ಮಾತು ಆಡುತ್ತಾರೆ, ಒಂದನ್ನು ಆರಿಸಿಕೊಳ್ಳಬೇಕು. ಇಲ್ಲಿ ಆರಿಸಲು ಒಂದೂ ಇಲ್ಲ ಎಂದು ಅವನಿಗೆ ತೋರಿತು. ದೀಪ ನೋಡದ ಸಾಕ್ಷಿಯಿಂದ ಎಂತ ಪ್ರಯೋಜನ? ಬಲಪುಟಕ್ಕೆ ತಿರುಗಿ, ಅಂದವಾದ ಅಕ್ಷರದಲ್ಲಿ ಬರೆದ: ಮನುಷ್ಯನನ್ನು ಮೂವತ್ತಡಿ ದೂರದಿಂದ ಕಂಡೆ. ವ್ಯಾನಿಗೆ ಹಸಿರು ದೀಪ ಇತ್ತು. ಅವನು ಫೋನು ನೋಡುತ್ತ ಇಳಿದ.

"ಲಿಯೋನ್ ಸುಳ್ಳು ಹೇಳುವವನಲ್ಲ ಚನ್ನಕ್ಕ. ಹಸಿರು ಇತ್ತು ಅಂದರೆ ಇತ್ತು. ನೀವು ಅದನ್ನೇ ಹೇಳುವುದು, ಸುಳ್ಳು ಎಲ್ಲಿ ಬಂತು?"

"ಆ ತಮ್ಮ ಪಾರಾಗತಾನಂದ್ರ ಹೇಳ್ತೀನಿ ಬಿಡ್ರಿ. ನೀವು ತಿಳದೋರು."

ಮೂರು ಮಧ್ಯಾಹ್ನ ಪಾಠ ನಡೆಯಿತು. ಕೇಳಿದ್ದಕ್ಕೆ ಮಾತ್ರ ಉತ್ತರ, ಗಾಣದ ಸುದ್ದಿ ಬೇಡ, ಎದುರಿನವನು ಸುಮ್ಮನೆ ನಿಂತರೆ ನೀವೂ ಸುಮ್ಮನಿರಿ. ಚನ್ನಕ್ಕ ಸೋಬಾನೆ ಹಾಡು ಕಲಿತವಳ ಹಾಗೆ ಬಲಪುಟವನ್ನು ಬಾಯಿಪಾಠ ಮಾಡಿದಳು. ಅದಾದ ಮೇಲೆ ಮಿಸ್ ಡೋಲನ್ ಫೋನಿನಲ್ಲಿ ದುಭಾಷಿಯನ್ನು ಇಟ್ಟುಕೊಂಡು ಹೇಳಿಕೆ ಬರೆಸಿಕೊಂಡಳು. ಬಂದದ್ದು ಬಲಪುಟವೇ. ಅವಳು ಇನಾಸಣ್ಣನಿಗೆ ಮೊದಲೇ ಎಚ್ಚರಿಸಿದ್ದಳು: "ಸಾಕ್ಷಿಯ ಜೊತೆ ಕೇಸಿನ ವಿಷಯ ಮಾತಾಡಬೇಡಿ." ಅವನು ಹೂಂ ಎಂದಿದ್ದ. ಪ್ರತಿಯೊಬ್ಬ ವಕೀಲನೂ ಬಾಯಲ್ಲಿ ಹಾಗೆ ಹೇಳಿ, ಕಣ್ಣಲ್ಲಿ ಬೇರೆ ಹೇಳುತ್ತಾನೆ ಎಂದು ನಂಬಿದ್ದವನಿಗೆ ಅವಳ ಕಣ್ಣಲ್ಲಿ ಏನೂ ಇರಲಿಲ್ಲ ಎಂಬುದು ಹೊಳೆಯಲಿಲ್ಲ.

ವಿಚಾರಣೆ ಅಕ್ಟೋಬರಿಗೆ ಬಂತು. ಮೆಲ್ಬರ್ನ್‌ನ ಕೋರ್ಟು ಆಸ್ಪತ್ರೆಯ ಹಾಗೆ ಸ್ವಚ್ಛವಾಗಿತ್ತು, ಅಷ್ಟೇ ತಣ್ಣಗೂ ಇತ್ತು. ಚನ್ನಕ್ಕನ ಪಕ್ಕದಲ್ಲಿ ದುಭಾಷಿ ನಿವೇದಿತಾ ಕೂತಳು, ಒಂದು ಮಾತು ಕೂಡಿಸದೆ ಕಳೆಯದೆ ದಾಟಿಸುವ ಹುಡುಗಿ. ಮಿಸ್ ಡೋಲನ್ ಕೇಳಿದಳು, ಚನ್ನಕ್ಕ ಬಲಪುಟ ಒಪ್ಪಿಸಿದಳು. ಒಂದು ತೊಡಕಿಲ್ಲ. ಹಿಂದಿನ ಬೆಂಚಿನಲ್ಲಿ ಇನಾಸಣ್ಣನ ತುಟಿ ಅವಳ ಜೊತೆಯಲ್ಲೇ ಅಲ್ಲಾಡುತ್ತಿತ್ತು. ಮುಗಿದಾಗ ಇನೇಜ್ ಅವನ ಮೊಣಕೈ ಹಿಡಿದು ಒತ್ತಿದಳು.

ಸರ್ಕಾರದ ಕಡೆಯ ವಕೀಲ ಎದ್ದ. ಬಡಕಲು ಮೈ, ನೆಗಡಿ ಹಿಡಿದ ದನಿ.

"ನೀರು ಬೇಕೇ, ಚನ್ನಕ್ಕ ಅವರೇ?"

"ಬ್ಯಾಡ್ರಿ."

ಆ ಮನುಷ್ಯನನ್ನು ಎಷ್ಟು ದೂರದಿಂದ ಕಂಡಿರಿ ಎಂದ. ಮೂವತ್ತಡಿ. ಸೊಪ್ಪಿನ ವಿಷಯ ಕೇಳಿದ, ಮೊಮ್ಮಗಳ ವಿಷಯ ಕೇಳಿದ, ಮತ್ತೆ ತಿರುಗಿ ಬಂದು ಎಷ್ಟು ದೂರ ಎಂದ. ಮೂವತ್ತಡಿ, ಅದೇ ಮಾತು, ಅದೇ ಸಾಲು, ಅದೇ ಏರಿಳಿತ.

"ಊರಿನಲ್ಲಿ ನೀವು ದೂರವನ್ನು ಅಡಿಯಲ್ಲಿ ಹೇಳುತ್ತೀರಾ?"

"ಇಲ್ರಿ, ನಾವು ಮಾರು ಅಂತೀವಿ."

ಅವನು ತಲೆದೂಗಿದ. ಕಾಗದ ನೋಡಿದ. ಅವಸರವೇ ಇಲ್ಲ. "ಆ ಗಡಿಯಾರದಲ್ಲಿ ಈಗ ಗಂಟೆ ಎಷ್ಟಾಗಿದೆ ಹೇಳುತ್ತೀರಾ?"

ಚನ್ನಕ್ಕ ಕತ್ತೆತ್ತಿದಳು. ಕಣ್ಣು ಕಿರಿದು ಮಾಡಿದಳು. ಸೆರಗಿನಿಂದ ಕಣ್ಣು ಒರೆಸಿ ಮತ್ತೊಮ್ಮೆ ನೋಡಿದಳು.

"ಗಡಿಯಾರ ಎಲ್ಲೈತ್ರಿ?"

ಗಡಿಯಾರ ಎದುರಿನ ಗೋಡೆಯಲ್ಲೇ ಇತ್ತು, ತಟ್ಟೆಯಷ್ಟು ದೊಡ್ಡದು. ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಇನಾಸಣ್ಣನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಊರಿಗೆ ಹೋದ ಮೇಲೆ ಆಪರೇಷನ್ ಎಂದು ಅವಳೇ ಹೇಳಿದಳು. ಮೂರು ದಿನ ಎದುರು ಕೂತು ಪಾಠ ಹೇಳಿದವನು ಅವಳ ಬಾಯಿ ನೋಡಿದ್ದನೇ ಹೊರತು ಕಣ್ಣು ನೋಡಿರಲಿಲ್ಲ.

"ಹಾಗಾದರೆ ದೀಪ ಹಸಿರಾಗಿತ್ತು ಎಂದು ನಿಮಗೆ ಹೇಳಿದವರು ಯಾರು?"

ಚನ್ನಕ್ಕ ತಿರುಗಿ, ಮದುವೆ ಮನೆಯಲ್ಲಿ ನೆಂಟರನ್ನು ತೋರಿಸುವ ಹಾಗೆ ಬೆಂಚಿನ ಕಡೆ ಕೈಚಾಚಿದಳು. "ಅಲ್ಲಿ ಅದಾರಲ್ರಿ, ಇನಾಸಣ್ಣಾರು. ಮೂರ ದಿನ ಕುಂತು ಕಲಿಸ್ಯಾರ. ಭಾಳ ಚಲೋ ಮನಿಷ್ಯಾರ್ರಿ."

ನಿವೇದಿತಾ ಅದನ್ನೂ ದಾಟಿಸಿದಳು, ಚಲೋ ಮನುಷ್ಯ ಎಂಬುದನ್ನೂ ಬಿಡದೆ.

ಮಿಸ್ ಡೋಲನ್‌ಳ ಮುಖ ಸುಣ್ಣದ ಗೋಡೆಯಾಗಿತ್ತು. ಆದರೂ ಎದ್ದು ಒಂದೇ ಪ್ರಶ್ನೆ ಕೇಳಿದಳು. ಯಾರೂ ಕಲಿಸದೆ ನಿಮಗೇ ಗೊತ್ತಿರುವುದು ಏನು? ಚನ್ನಕ್ಕ ಇನಾಸಣ್ಣನ ಕಡೆ ನೋಡಿದಳು, ಅಪ್ಪಣೆ ಕೇಳುವವಳ ಹಾಗೆ. ಅವನು ತಲೆ ತಗ್ಗಿಸಿದ.

"ದಾಟೋ ಕಡಿ ದೀಪದ ಕಂಬ ಸಾವಕಾಶ ಬಡೀತಿತ್ರಿ. ನನಗ ಕಣ್ಣು ಕಾಣಂಗಿಲ್ಲಲ್ರಿ, ದಾಟೂದೆಲ್ಲ ಕಿವೀಲೇ. ಟಕ್ ಟಕ್ ಅಂತ ಸಾವಕಾಶ ಬಡದ್ರ ನಿಲ್ಲಬೇಕು, ಟರ್ರ್ ಅಂತ ಲಗು ಬಡದ್ರ ದಾಟಬೇಕು. ಮೊಮ್ಮಗಳು ತೋರಿಸ್ಯಾಳ. ಅವತ್ತು ನಾ ಕುಂತಾಗಿಂದ ಲಗು ಬಡೀಲೇ ಇಲ್ಲ. ಆ ಮನಿಷ್ಯಾ ಸಾವಕಾಶ ಬಡಿಯೋವಾಗನ ಇಳದ."

ಇನಾಸಣ್ಣ ತಲೆ ಎತ್ತಿದ. ದಾಟುವವನಿಗೆ ದೀಪ ಬಂದೇ ಇರಲಿಲ್ಲ ಎಂದರೆ ವ್ಯಾನಿಗೆ ಕೆಂಪು ಬಿದ್ದಿರುವುದು ಹೇಗೆ? ಲಿಯೋನ್‌ನನ್ನು ಉಳಿಸುವ ಮಾತು ಮುದುಕಿಯ ಬಾಯಲ್ಲಿ ಮೊದಲ ದಿನವೇ ಇತ್ತು. ಅದನ್ನು ಅವನು ತನ್ನ ಪೆನ್ನಿನಿಂದ ಹೊಡೆದು ಹಾಕಿದ್ದ.

ಈಗ ಅದಕ್ಕೆ ಬೆಲೆ ಇರಲಿಲ್ಲ. ಸರ್ಕಾರಿ ವಕೀಲ ಅರ್ಧ ಎದ್ದು ಮೆಲ್ಲಗೆ ಹೇಳಿದ: ಇದು ಹೇಳಿಕೆಯಲ್ಲಿ ಇಲ್ಲ, ಹಸಿರು ದೀಪದ ಮಾತು ಕುಸಿದ ಮೇಲೆ ಹುಟ್ಟಿದ್ದು, ಅದನ್ನು ಕಲಿಸಿದವರೇ ಇದನ್ನೂ ಕಲಿಸಿರಬಹುದು. ಮ್ಯಾಜಿಸ್ಟ್ರೇಟು ಏನೋ ಬರೆದುಕೊಂಡು ಊಟದ ಬಿಡುವು ಕೊಟ್ಟರು.

ಹೊರಗಿನ ಮೆಟ್ಟಿಲ ಮೇಲೆ ಚನ್ನಕ್ಕ ಅವನನ್ನು ಕಾಯುತ್ತ ನಿಂತಿದ್ದಳು. "ಯಣ್ಣಾ, ನಾ ಏನರ ತಪ್ಪು ಹೇಳಿದ್ನೇನ್ರಿ?"

ಈ ಮಾತನ್ನು ಅವನು ಹಿಂದೊಮ್ಮೆ ಕೇಳಿದ್ದ. ಮಂಗಳೂರಿನ ಕೋರ್ಟಿನ ಮೆಟ್ಟಿಲಲ್ಲಿ, ಬೀಡಿ ಕಟ್ಟುವ ಒಬ್ಬ ಹೆಂಗಸು ಹೀಗೆಯೇ ದಾರಿಗೆ ಅಡ್ಡ ನಿಂತಿದ್ದಳು. ಮಗಳನ್ನು ಕೆಡಿಸಿದವನನ್ನು ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಶ್ರೀಕಂಠಯ್ಯ ಕನ್ನಡಕ ಒರೆಸಿದರು, ಬೆನ್ನ ಹಿಂದೆ ಎರಡು ಬೆರಳು ಅಲ್ಲಾಡಿದವು, ಇನಾಸಣ್ಣ ಕಾಗದ ಕೊಟ್ಟ. ಹತ್ತು ನಿಮಿಷದಲ್ಲಿ ಅವಳ ಮಾತು ಚಿಂದಿಯಾಯಿತು. ಆರೋಪಿ ಬಿಡುಗಡೆಯಾದ. 'ನಾನು ಎಲ್ಲಿ ತಪ್ಪು ಹೇಳಿದೆ ಅಣ್ಣಾ?' ಎಂದು ಅವಳು ಕೇಳಿದಾಗ ಇನಾಸಣ್ಣ ಫೈಲು ಅವುಚಿಕೊಂಡು ಪಕ್ಕಕ್ಕೆ ಸರಿದು ಹೋಗಿದ್ದ. ಆ ದಿನ ಕಚೇರಿಯಲ್ಲಿ ಎಲ್ಲರಿಗೂ ಮಸಾಲೆದೋಸೆ.

"ತಪ್ಪು ನಿಮ್ಮದಲ್ಲ ಚನ್ನಕ್ಕ," ಎಂದ ಈಗ. "ನನ್ನದು."

ಮಿಸ್ ಡೋಲನ್ ಸಣ್ಣ ಕೋಣೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಇನೇಜ್ ಮತ್ತು ಲಿಯೋನ್. ಇನಾಸಣ್ಣ ನೋಟ್‌ಬುಕ್ಕು ಮೇಜಿನ ಮೇಲಿಟ್ಟು ಏಪ್ರಿಲ್ ಹನ್ನೆರಡರ ಎರಡೂ ಪುಟ ತೆರೆದ. ಎಡ ಯಾವುದು, ಬಲ ಯಾವುದು, ಕಚೇರಿಯ ಪದ್ಧತಿ ಏನು, ಎಲ್ಲ ಹೇಳಿದ. ಇಂಗ್ಲಿಷಿನಲ್ಲಿ ಹೇಳುವಾಗ ಪದ್ಧತಿ ಎಂಬ ಮಾತು ಅವನ ಕಿವಿಗೇ ಹೊಲಸಾಗಿ ಕೇಳಿಸಿತು.

ಮಿಸ್ ಡೋಲನ್ ಹೊಡೆದು ಹಾಕಿದ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು: ಇದನ್ನು ಕೋರ್ಟಿಗೆ ಕೊಡಬೇಕಾದರೆ ನೀವು ಸಾಕ್ಷಿಕಟ್ಟೆ ಹತ್ತಬೇಕು. ಹತ್ತಿದರೆ ಎಡಪುಟದ ಜೊತೆ ಬಲಪುಟವೂ ಹೋಗುತ್ತದೆ. ಸಾಕ್ಷಿಯನ್ನು ತಿದ್ದುವುದು ಇಲ್ಲಿ ಅಪರಾಧ. ನಿಮ್ಮ ಮೇಲೆಯೇ ಕೇಸಾಗಬಹುದು. ಮೊದಲು ಬೇರೊಬ್ಬ ವಕೀಲರ ಸಲಹೆ ಕೇಳಿ, ನಾನು ನಿಮ್ಮ ವಕೀಲಳಲ್ಲ.

"ಬೇಡ," ಇನೇಜ್ ಕೊಂಕಣಿಯಲ್ಲಿ ಸಿಡಿದಳು. "ನೀನು ಕಲಿಸಿದ್ದು ಸಾಕು. ಈಗ ಮೇಲೆ ಹತ್ತಿ ಇವನನ್ನೂ ಮುಳುಗಿಸುತ್ತೀ, ನೀನೂ ಮುಳುಗುತ್ತೀ. ಗ್ಲೆನಿಟಾಳಿಗೆ ನಾನು ಯಾವ ಮುಖ ತೋರಿಸಲಿ?"

ಲಿಯೋನ್ ಅಷ್ಟು ಹೊತ್ತು ಮೊಣಕಾಲು ಕುಣಿಸುತ್ತಿದ್ದವನು ನಿಲ್ಲಿಸಿ ಸೋದರಮಾವನ ಕಡೆ ತಿರುಗಿದ. "ಮಾಮ್, ಐ ಟೋಲ್ಡ್ ದ ಟ್ರೂತ್. ಯು ಡಿಡ್‌ನ್ಟ್ ಹ್ಯಾವ್ ಟು ಹೆಲ್ಪ್ ಇಟ್."

ಸೋದರಳಿಯ ಜೋರು ಮಾಡಿ ಹೇಳಲಿಲ್ಲ. ಆದರೂ ಶ್ರೀಕಂಠಯ್ಯನವರ ಯಾವ ಪಾಟೀಸವಾಲೂ ಇನಾಸಣ್ಣನ ಎದುರು ಇಷ್ಟು ನೇರ ಬಂದು ನಿಂತಿರಲಿಲ್ಲ.

ಕೋರ್ಟಿನಲ್ಲೇ ಪುಕ್ಕಟೆ ಸಲಹೆ ಕೊಡುವ ವಕೀಲನೊಬ್ಬ ಅರ್ಧ ಗಂಟೆ ಅವನ ಜೊತೆ ಕೂತು ಹತ್ತಬೇಡಿ ಎಂದ. ಇನಾಸಣ್ಣ ಕೈಮುಗಿದು ಎದ್ದು ಬಂದ.

ಅವನನ್ನು ಸಾಕ್ಷಿಯಾಗಿ ಒಪ್ಪಲು ಮ್ಯಾಜಿಸ್ಟ್ರೇಟು ಹಿಂದೆಮುಂದೆ ನೋಡಿದರು. ಇವನು ಬೆಳಗಿನಿಂದ ಒಳಗೇ ಕೂತು ಎಲ್ಲ ಕೇಳಿದ್ದಾನೆ ಎಂದು ಸರ್ಕಾರಿ ವಕೀಲ ಆಕ್ಷೇಪಿಸಿದ. ಕೊನೆಗೆ, ಪುಸ್ತಕಕ್ಕಾಗಿ ಮಾತ್ರ ಎಂದು ಅನುಮತಿ ಸಿಕ್ಕಿತು. ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸದೆ ಇರುವ ಹಕ್ಕು ನಿಮಗಿದೆ ಎಂದು ಎರಡು ಸಲ ಹೇಳಿದರು. ಎಷ್ಟೋ ಜನರನ್ನು ಆ ಕಟ್ಟೆ ಹತ್ತಿಸಿದವನು ತಾನು ಹತ್ತುವಾಗ ಮೆಟ್ಟಿಲು ಎಡವಿದ. ಬೈಬಲ್ಲಿನ ಮೇಲೆ ಕೈ ಇಟ್ಟು ಪ್ರಮಾಣ ಮಾಡಿದ. ಆ ಎತ್ತರದಿಂದ ಕೋರ್ಟು ಬೇರೆಯೇ ಕಾಣುತ್ತಿತ್ತು, ಎಲ್ಲರ ಕಣ್ಣೂ ಒಂದೇ ಕಡೆ, ಅಡಗಲು ಒಬ್ಬ ಆರಡಿಯ ಮನುಷ್ಯನ ಬೆನ್ನೂ ಇಲ್ಲ.

ಮಿಸ್ ಡೋಲನ್ ಪುಟಗಳನ್ನು ಓದಿಸಿದಳು. ನಿವೇದಿತಾ ಕನ್ನಡವನ್ನು ಇಂಗ್ಲಿಷಿಗೆ ದಾಟಿಸಿದಳು, ಎಣ್ಣೆ ಗಾಣವನ್ನೂ ಸೇರಿಸಿ. ನಂತರ ನೆಗಡಿಯ ದನಿ ಎದ್ದಿತು.

"ಬಲಗಡೆಯ ಪುಟ ಸುಳ್ಳು ಎಂದು ನಿಮಗೆ ಗೊತ್ತಿತ್ತು."

"ಅವರು ನೋಡಲಿಲ್ಲ ಅಂತ ಗೊತ್ತಿತ್ತು."

"ಗೊತ್ತಿದ್ದೂ ಕಲಿಸಿದಿರಿ."

"ಹೌದು."

"ಹೀಗೆ ನೀವು ಜೀವನದಲ್ಲಿ ಎಷ್ಟು ಸಾಕ್ಷಿಗಳಿಗೆ ಕಲಿಸಿದ್ದೀರಿ?"

ಇನಾಸಣ್ಣ ಬಾಯಿ ತೆರೆದ. ಕೇಳಿದ್ದಕ್ಕೆ ಮಾತ್ರ ಉತ್ತರ. "ಲೆಕ್ಕ ಇಟ್ಟಿಲ್ಲ," ಎಂದ.

ಆ ವಕೀಲ ಸುಮ್ಮನೆ ನಿಂತ. ಕನ್ನಡಕ ಒರೆಸಲಿಲ್ಲ, ಏನೂ ಮಾಡಲಿಲ್ಲ, ಬರೀ ನಿಂತ. ಇನಾಸಣ್ಣನಿಗೆ ಆ ಮೌನ ಗೊತ್ತಿತ್ತು. ಅದರ ಒಳಗೆ ಇರುವುದು ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ. ಸಿಡ್ನಿಯಲ್ಲಿ ಐದು ವರ್ಷ ಕೂತು ಸ್ವರವಿಲ್ಲದವರು ಎಂದು ನಕ್ಕಿದ್ದನಲ್ಲ, ಅವರು ಮಾಡುತ್ತಿದ್ದದ್ದು ಇದೇ.

"ಸೋದರಳಿಯನಿಗಾಗಿ ಏಪ್ರಿಲ್‌ನಲ್ಲಿ ಸುಳ್ಳು ಬರೆದವರು, ಅವನಿಗಾಗಿಯೇ ಇಂದು ಊಟದ ಬಿಡುವಿನಲ್ಲಿ ಎಡಗಡೆಯ ಸಾಲು ಸೇರಿಸಿಲ್ಲ ಎಂದು ನಾವೇಕೆ ನಂಬಬೇಕು?"

ಒಳ್ಳೆಯ ಪ್ರಶ್ನೆ. ತಾನಾಗಿದ್ದರೂ ಶ್ರೀಕಂಠಯ್ಯನವರಿಗೆ ಇದೇ ಕಾಗದವನ್ನು ಕೊಡುತ್ತಿದ್ದೆ ಎಂದು ಅವನಿಗೆ ಅನ್ನಿಸಿತು. ಉತ್ತರ ಬಲಪುಟದಲ್ಲಿ ಬರೆದಿರಲಿಲ್ಲ. ಅವನು ಪುಸ್ತಕದ ಕಡೆ ನೋಡಿದ, ಆ ಅಡ್ಡಗೆರೆಯ ಕಡೆ.

"ಸಾರ್, ಇವತ್ತು ಸೇರಿಸಿದ್ದಾದರೆ ನಾನು ಅದನ್ನು ಹೊಡೆದು ಹಾಕುತ್ತಿರಲಿಲ್ಲ. ಅದು ಬೇಕಾದ ಮಾತು ಅಂತ ನನಗೆ ಗೊತ್ತಾದದ್ದೇ ಇವತ್ತು. ಏಪ್ರಿಲಿನಲ್ಲಿ ಗೊತ್ತಿರಲಿಲ್ಲ. ಗೊತ್ತಿದ್ದರೆ... ಗೊತ್ತಿದ್ದರೆ ಚನ್ನಕ್ಕನಿಗೆ ನಾನು ಬೇಕೇ ಇರಲಿಲ್ಲ."

ವಕೀಲ ಇನ್ನೂ ಒಂದು ಕ್ಷಣ ನಿಂತು, ಕೂತ.

ತೀರ್ಪು ಹತ್ತು ದಿನ ಬಿಟ್ಟು ಬಂತು. ಇನಾಸಣ್ಣ ಆಗ ಕ್ವೇಕರ್ಸ್ ಹಿಲ್‌ಗೆ ಮರಳಿದ್ದ. ಮಿಸ್ ಡೋಲನ್ ಫೋನಿನಲ್ಲಿ ಓದಿ ಹೇಳಿದಳು. ಹಸಿರು ದೀಪದ ಮಾತನ್ನು ಕೋರ್ಟು ಒಪ್ಪಲಿಲ್ಲ. ಕಂಬದ ಸದ್ದಿನ ಮಾತು ಏಪ್ರಿಲಿನಲ್ಲೇ ಆಡಿದ್ದೆಂದು ಒಪ್ಪಿತು. ಕಾರಿನವನ ಸಾಕ್ಷ್ಯದ ಮೇಲೆ ಸಂಶಯ ಉಳಿಯುತ್ತದೆ, ಆರೋಪಿಯ ಬಿಡುಗಡೆ. ಆಮೇಲೆ ಒಂದು ಪ್ಯಾರಾ ಇನಾಸಣ್ಣನ ಮೇಲೆ. ಅದನ್ನು ಅವಳು ಓದಬೇಕೇ ಎಂದು ಕೇಳಿದಳು. ಓದಿ ಎಂದ. ಸಾಕ್ಷಿಯೊಬ್ಬಳ ಮುಗ್ಧತೆಯನ್ನು ದುರುಪಯೋಗ ಮಾಡಿಕೊಂಡ ಈ ವ್ಯಕ್ತಿಯ ಕಾಗದಗಳನ್ನು ಪೊಲೀಸರಿಗೆ ಕಳಿಸಲಾಗಿದೆ. ನೋಟ್‌ಬುಕ್ಕು ಕೋರ್ಟಿನ ವಶದಲ್ಲಿಯೇ ಇರುತ್ತದೆ.

ಇನೇಜ್ ಫೋನು ಮಾಡಲಿಲ್ಲ. ಲಿಯೋನ್ ಒಂದು ಮೆಸೇಜು ಹಾಕಿದ, ಥ್ಯಾಂಕ್ಸ್ ಮಾಮ್, ಅಷ್ಟೇ. ಗ್ಲೆನಿಟಾ ಬೆಳಿಗ್ಗೆ ಹೊರಡುವಾಗ ಯಾರ ಕೇಸ್ ಎಂದು ಕೇಳುವುದನ್ನು ಬಿಟ್ಟಳು. ಅವನೂ ರೈಲು ಹತ್ತಲಿಲ್ಲ. ಮೇಜಿನ ಮೇಲೆ ಪೊಲೀಸರ ಪತ್ರ ಬಿದ್ದಿತ್ತು, ಮಂಗಳವಾರ ಹನ್ನೊಂದಕ್ಕೆ ವಿಚಾರಣೆಗೆ ಬರಬೇಕೆಂದು. ಅದರ ಪಕ್ಕದಲ್ಲಿ ಒಂದು ಖಾಲಿ ನೋಟ್‌ಬುಕ್ಕು ತೆರೆದಿಟ್ಟು ಅವನು ಎರಡು ದಿನ ಕೂತಿದ್ದ. ಏನು ಹೇಳಬೇಕೆಂದು ಬರೆದುಕೊಳ್ಳಲು ಪೆನ್ನು ಹಿಡಿದಾಗೆಲ್ಲ ಕೈ ಬಲಪುಟಕ್ಕೇ ಹೋಗುತ್ತಿತ್ತು.

ಸೋಮವಾರ ಮಧ್ಯಾಹ್ನ ಫೋನು ಬಡಿಯಿತು. ಹಿರೇಕೆರೂರಿನಿಂದ, ಚನ್ನಕ್ಕ.

"ಯಣ್ಣಾ, ಕಣ್ಣ ಆಪರೇಷನ್ ಆತು ನೋಡ್ರಿ! ಎಲ್ಲಾ ಸ್ವಚ್ಛ ಕಾಣತೈತಿ. ನಮ್ಮನಿ ಗ್ವಾಡಿ ಇಷ್ಟ ಹೊಲಸಾಗೇತಿ ಅಂತ ಗೊತ್ತ ಇರಲಿಲ್ಲ. ಈಗ ಬೇಕಾದ್ರ ಕರೀರಿ, ಹಸರೋ ಕೆಂಪೋ ಹೇಳ್ತೀನಿ."

ಇನಾಸಣ್ಣನಿಗೆ ನಗು ಬಂತು.

"ತಮ್ಮ ಪಾರಾದ ಅಂತ ಅನಸೂಯಾ ಹೇಳಿದ್ಲು. ನಿಮ್ದೇನಾತ್ರಿ?"

"ನಾಳೆ ಪೊಲೀಸರು ಕರೆದಿದ್ದಾರೆ ಚನ್ನಕ್ಕ. ಕೇಳ್ತಾರಂತೆ."

"ಹೌದೇನ್ರಿ?" ಆ ಕಡೆ ಕೋಳಿ ಕೂಗುವ ಸದ್ದು. ಅವಳು ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು. "ನಾ ಏನರ ಕಲಿಸಿಕೊಡ್ಲೇನ್ರಿ?"

ಅವಳು ಬಾಯ್ತುಂಬ ನಕ್ಕಳು. ಕುಟುಕಲು ಅಂದದ್ದೋ ಸಲಿಗೆಗೆ ಅಂದದ್ದೋ ಇನಾಸಣ್ಣನಿಗೆ ತಿಳಿಯಲಿಲ್ಲ.

"ಬೇಡ ಚನ್ನಕ್ಕ," ಎಂದ ಮೆಲ್ಲಗೆ. ನೋಟ್‌ಬುಕ್ಕು ಮುಚ್ಚಿ ಪೆಟ್ಟಿಗೆಯೊಳಗೆ ಇಟ್ಟ.